ಕಾಂಪೌಂಡ್ ಬಿಲ್ಲು: ಅಳೆದು, ಎಳೆದು, ಬಾಣ ಬಿಟ್ಟು ನೋಡಿ ಕೊಳ್ಳಿ

ಸಂಘದ ಕಚೇರಿಗೆ ಗೊಬ್ಬರ, ಮೈಲುತುತ್ತದ ಕೆಲಸಕ್ಕೆ ಬರುವ ಸದಸ್ಯ ಬಾಂಧವರಲ್ಲಿ ಕೆಲವರು ಈಚೆಗೆ ಕಾಂಪೌಂಡ್ ಬಿಲ್ಲಿನ ವಿಚಾರ ಕೇಳತೊಡಗಿದ್ದಾರೆ. ಯಾವುದು ಒಳ್ಳೆಯದು, ಎಷ್ಟು ಪೌಂಡಿನದು ಬೇಕು, ತರಿಸಬಹುದೇ ಎಂಬುದು ಅವರ ಪ್ರಶ್ನೆ. ಹೀಗೆ ಕೇಳುವವರಲ್ಲಿ ಎರಡು ಬಗೆ. ಮಗನೋ ಮಗಳೋ ಬಿಲ್ಲುಗಾರಿಕೆ ಕಲಿಯಬೇಕೆಂದು ಹಟ ಹಿಡಿದಿರುವುದರಿಂದ ಕೇಳುವವರು ಒಂದು ಬಗೆ. ಕಾಡುಹಂದಿಯ ಕಾಟದಿಂದ ಬೇಸತ್ತು, ಸದ್ದಿಲ್ಲದ ಆಯುಧವೊಂದು ಸಿಕ್ಕರೆ ಸಾಕೆಂದು ಕೇಳುವವರು ಇನ್ನೊಂದು ಬಗೆ. ಇಬ್ಬರಿಗೂ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇವೆ.

ಮೊದಲು ಹಂದಿಯ ವಿಚಾರ

ಹಂದಿಯ ಉಪದ್ರವ ಎಷ್ಟೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗೊಬ್ಬರ ಹಾಕಿದ ಬುಡವನ್ನು ಎರೆಹುಳುವಿಗಾಗಿ ಕೆದಕಿ ಸಸಿ ಬುಡಮೇಲು ಮಾಡುವುದು, ಬಾಳೆ ಉರುಳಿಸುವುದು, ತೆನೆಗೆ ಬಂದ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ತುಳಿದು ಹಾಕುವುದು ಮೂಡಿಗೆರೆಯಿಂದ ಕಳಸದವರೆಗೆ ಎಲ್ಲರೂ ಕಂಡದ್ದೇ. ಶಿಕಾರಿ ನಮ್ಮ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯ ಮದನಿಕೆಯನ್ನು ಇಂದಿಗೂ ನೋಡಬಹುದು.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಪರಿಸ್ಥಿತಿ ಬೇರೆ. ಆ ಕಾಯಿದೆಯಲ್ಲಿ 'ಆಯುಧ' ಎಂಬ ಪದದ ಅರ್ಥವಿವರಣೆಯಲ್ಲಿ ಕೋವಿ, ಬಲೆ, ಉರುಳು, ವಿಷಗಳ ಜೊತೆಗೆ ಬಿಲ್ಲುಬಾಣವನ್ನೂ ಹೆಸರಿಸಲಾಗಿದೆ. ಸದ್ದು ಬಾರದೆಂಬ ಕಾರಣಕ್ಕೆ ಬಿಲ್ಲಿಗೆ ರಿಯಾಯಿತಿ ಇಲ್ಲ. 'ಬೇಟೆ' ಎಂದರೆ ಕೊಲ್ಲುವುದಷ್ಟೇ ಎಂದೂ ತಿಳಿಯಬಾರದು. ಗಾಯಪಡಿಸುವುದು, ಉರುಳು ಹಾಕುವುದು, ಕೊಲ್ಲಲು ಪ್ರಯತ್ನಿಸುವುದು ಎಲ್ಲವೂ ಆ ಪದದಲ್ಲಿ ಸೇರಿವೆ. ನಮ್ಮದೇ ಪಟ್ಟಾ ಜಮೀನಿನಲ್ಲಿ ಮಾಡಿದರೂ ಅಪರಾಧ ಅಪರಾಧವೇ. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಯಾಗಿದ್ದರೆ, ಅಥವಾ ಬೇಟೆ ನಡೆದದ್ದು ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದಂತಹ ಜಾಗದೊಳಗಾದರೆ ಶಿಕ್ಷೆ 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷದವರೆಗೆ. ವಶಪಡಿಸಿಕೊಂಡ ಆಯುಧ, ವಾಹನ ಎರಡೂ ಸರ್ಕಾರದ ಸ್ವತ್ತಾಗುತ್ತವೆ. ಒಂದು ಹಂದಿಯ ಆಸೆಗೆ ಜೀಪನ್ನು ಕಳೆದುಕೊಳ್ಳಲು ಯಾರೂ ಬಯಸಲಾರರು.

ಬೆಳೆಗೆ ಅಥವಾ ಜೀವಕ್ಕೆ ಅಪಾಯ ತರುವ ಎರಡನೆಯ ಅನುಸೂಚಿಯ ಪ್ರಾಣಿಯ ವಿಚಾರದಲ್ಲಿ ಅದೇ ಕಾಯಿದೆಯ 11ನೆಯ ಕಲಮಿನಲ್ಲಿ ದಾರಿಯೊಂದಿದೆ. ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಸಹಿತವಾಗಿ ಲಿಖಿತ ಅನುಮತಿ ಕೊಡಬಹುದು. ಬಾಯಿಮಾತಿನ ಒಪ್ಪಿಗೆ ಸಾಲದು. ಬೆಳೆ ನಷ್ಟವಾದಾಗ ಕೂಡಲೇ ಫೋಟೋ ತೆಗೆದು, ಪಹಣಿಯ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರದ ಅರ್ಜಿ ಕೊಡುವುದೇ ಸರಿಯಾದ ಕ್ರಮ.

ಕಾನೂನನ್ನು ಬದಿಗಿಟ್ಟು ನೋಡಿದರೂ ಇನ್ನೊಂದು ಮಾತಿದೆ. ಬಾಣಕ್ಕೆ ಸಿಕ್ಕ ಹಂದಿ ನಿಂತಲ್ಲೇ ಬೀಳುತ್ತದೆಂಬ ಭರವಸೆಯಿಲ್ಲ. ರಾತ್ರಿ ಬಾಣ ತಿಂದ ಹಂದಿ ಕಾಫಿ ಗಿಡದ ಅಡಿಯಲ್ಲೆಲ್ಲೋ ಮಲಗಿರುತ್ತದೆ. ಬೆಳಗ್ಗೆ ಎಂಟು ಗಂಟೆಗೆ ಆ ಸಾಲಿಗೆ ಮೊದಲು ಹೋಗುವವರು ಹಣ್ಣು ಕೊಯ್ಯುವ ಹೆಂಗಸರು. ಗಾಯಗೊಂಡ ಹಂದಿಯ ಕೋರೆ ಏನು ಮಾಡಬಲ್ಲುದೆಂಬುದು ನಮಗೆಲ್ಲ ಗೊತ್ತು. ಆದುದರಿಂದ ಹಂದಿಗಾಗಿ ಬಿಲ್ಲು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಬೇಡ. ಮುಂದಿನ ಮಾತುಗಳೆಲ್ಲ ಗುರಿಹಲಗೆಗೆ ಬಾಣ ಬಿಡಬೇಕೆನ್ನುವವರಿಗಾಗಿ.

ಈ ಬಿಲ್ಲಿನ ಗುಟ್ಟೇನು?

ಅಮೆರಿಕದ ಮಿಸ್ಸೂರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ಈ ಬಿಲ್ಲಿಗೆ 1966ರಲ್ಲಿ ಪೇಟೆಂಟ್ ಕೋರಿ, 1969ರಲ್ಲಿ ಪಡೆದ. ಸಾದಾ ಬಿಲ್ಲಿನಲ್ಲಿ ಹೆದೆ ಎಳೆದಷ್ಟೂ ಭಾರ ಹೆಚ್ಚುತ್ತದೆ. ಪೂರ್ತಿ ಎಳೆದು ಗುರಿ ನೋಡುವ ಹೊತ್ತಿಗೆ ಭಾರ ಅತಿ ಹೆಚ್ಚಾಗಿರುವುದರಿಂದ ಕೈ ನಡುಗುತ್ತದೆ. ಅಲೆನ್ ಬಿಲ್ಲಿನ ಎರಡು ತುದಿಗೂ ರಾಟೆ ಕೂಡಿಸಿದ. ನಮ್ಮ ಬಾವಿಯ ರಾಟೆಯ ಅಚ್ಚು ನಟ್ಟನಡುವೆ ಇರುತ್ತದೆ. ಈ ರಾಟೆಯ ಅಚ್ಚು ಒಂದು ಬದಿಗೆ ಸರಿದಿದೆ. ಹೀಗಾಗಿ ಎಳೆಯುತ್ತ ಹೋದಂತೆ ಭಾರ ಒಂದು ಮಟ್ಟಕ್ಕೇರಿ, ಕೊನೆಗೆ ರಾಟೆ ತಿರುಗಿ ನಿಂತಾಗ ಥಟ್ಟನೆ ಇಳಿಯುತ್ತದೆ. ಈಗಿನ ಬಿಲ್ಲುಗಳಲ್ಲಿ ಈ ರಾಟೆಯನ್ನು ಕ್ಯಾಮ್ ಎನ್ನುತ್ತಾರೆ. ಭಾರದ ಇಳಿತಕ್ಕೆ ಲೆಟ್-ಆಫ್ ಎಂದು ಹೆಸರು.

ಲೆಕ್ಕ ಸುಲಭ. 60 ಪೌಂಡಿನ ಬಿಲ್ಲಿಗೆ ನೂರಕ್ಕೆ 75ರಷ್ಟು ಲೆಟ್-ಆಫ್ ಇದ್ದರೆ, ಎಳೆಯುವಾಗ ದಾಟಬೇಕಾದ ಭಾರ 60 ಪೌಂಡ್, ಅಂದರೆ ಸುಮಾರು 27 ಕಿಲೋ. ಗುರಿ ನೋಡುವಾಗ ಬೆರಳಿಗೆ ಉಳಿಯುವುದು 15 ಪೌಂಡ್, ಅಂದರೆ ಸುಮಾರು 7 ಕಿಲೋ. ಕೈ ನಿಲ್ಲುತ್ತದೆ, ಗುರಿ ನಿಲ್ಲುತ್ತದೆ. ಹೆದೆಯನ್ನು ಬೆರಳಿನಿಂದ ಹಿಡಿಯದೆ ರಿಲೀಸ್ ಎಂಬ ಕೊಕ್ಕೆಯಿಂದ ಹಿಡಿದು ಗುಂಡಿ ಒತ್ತಿ ಬಿಡುವುದು ರೂಢಿ.

ಕೊಳ್ಳುವವರು ಮರೆಯಬಾರದ ಸಂಗತಿಯೂ ಇದರಲ್ಲೇ ಇದೆ. ಸಾದಾ ಬಿಲ್ಲನ್ನು ಮನೆಯವರೆಲ್ಲ ಎಳೆಯಬಹುದು. ಕಾಂಪೌಂಡ್ ಬಿಲ್ಲಿನ ರಾಟೆ ಮಾತ್ರ ನಿಗದಿಯಾದ ಉದ್ದಕ್ಕೆ ಬಂದು ನಿಂತುಬಿಡುತ್ತದೆ. ಆ ಉದ್ದ ಎಳೆಯುವವನ ಮೈಗೆ ಹೊಂದದಿದ್ದರೆ ಬಿಲ್ಲು ಎಷ್ಟು ಬೆಲೆಯದಾದರೂ ನಿಷ್ಪ್ರಯೋಜಕ. ಎತ್ತರದ ತಂಪು ತೋಟಕ್ಕೆ ಅರೇಬಿಕಾ, ತಗ್ಗಿನ ತೋಟಕ್ಕೆ ರೋಬಸ್ಟಾ ಎಂದು ಜಾಗ ನೋಡಿ ಸಸಿ ಆರಿಸುವ ನಾವು ಬಿಲ್ಲನ್ನೂ ಮೈ ನೋಡಿಯೇ ಆರಿಸಬೇಕು.

ಅಂಗಡಿಗೆ ಹೋಗುವ ಮೊದಲು ಮೂರು ಅಳತೆ

1. ಕಣ್ಣು: ಎರಡು ಕಣ್ಣುಗಳಲ್ಲಿ ಒಂದು ಗುರಿಗೆ ಯಜಮಾನ. ಎರಡೂ ಅಂಗೈಗಳನ್ನು ಚಾಚಿ ನಡುವೆ ಸಣ್ಣ ಕಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಸಿಲ್ವರ್ ಮರವೊಂದನ್ನು ಅದರೊಳಗೆ ಹಿಡಿಯಿರಿ. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣಿಗೆ ಮರ ಕಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ ಕಣ್ಣು. ಬಲಗಣ್ಣಾದರೆ ಬಲಗೈಯಿಂದ ಎಳೆಯುವ ಬಿಲ್ಲು, ಎಡಗಣ್ಣಾದರೆ ಎಡಗೈಯದು. ಎಡಗಣ್ಣಿನ ಹುಡುಗನಿಗೆ ಬಲಗೈ ಬಿಲ್ಲು ಕೊಟ್ಟು ಆಮೇಲೆ ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ.

2. ಎಳೆತದ ಉದ್ದ: ಹಗ್ಗ ಅಳೆಯುವಾಗ ನಾವು ಹಾಕುವ ಮಾರೇ ಇಲ್ಲಿಯೂ ಅಳತೆಗೋಲು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಸಹಜವಾಗಿ ಚಾಚಿ, ನಡುಬೆರಳಿನ ತುದಿಯಿಂದ ತುದಿಗೆ ಅಂಗುಲದಲ್ಲಿ ಅಳೆಯಿರಿ. ಅದನ್ನು 2.5ರಿಂದ ಭಾಗಿಸಿ. ಮಾರು 70 ಅಂಗುಲವಿದ್ದರೆ ಎಳೆತದ ಉದ್ದ 28 ಅಂಗುಲ. ಇದು ಆರಂಭದ ಲೆಕ್ಕ. ಬಿಲ್ಲು ಹಿಡಿದ ಮೇಲೆ ಅರ್ಧ ಅಂಗುಲ ಆಚೀಚೆ ಆಗಬಹುದು. ಉದ್ದ ಹೆಚ್ಚಾದರೆ ಮೈ ಹಿಂದಕ್ಕೆ ವಾಲಿ ಹೆದೆ ಮುಂಗೈಗೆ ಬಾರಿಸುತ್ತದೆ. ಕಡಿಮೆಯಾದರೆ ಭುಜ ಮುದುಡಿ ಬಾಣದ ಬಲ ಕುಂದುತ್ತದೆ. ಬೆಳೆಯುವ ಮಕ್ಕಳಿಗೆ ಉದ್ದವನ್ನು ಹಂತಹಂತವಾಗಿ ಹೆಚ್ಚಿಸಬಹುದಾದ ಬಿಲ್ಲು ಕೊಳ್ಳುವುದು ಜಾಣತನ.

3. ಎಳೆತದ ಭಾರ: ಹೆಚ್ಚಿನ ತಪ್ಪು ಆಗುವುದು ಇಲ್ಲಿ. ಎಪ್ಪತ್ತು ಪೌಂಡ್ ಎಂದರೆ ಗಂಡಸುತನ ಎಂಬ ಭ್ರಮೆ ಬೇಡ. ಅಂತರರಾಷ್ಟ್ರೀಯ ಗುರಿ ಸ್ಪರ್ಧೆಗಳಲ್ಲಿ ಕಾಂಪೌಂಡ್ ಬಿಲ್ಲಿಗೆ 60 ಪೌಂಡೇ ಮೇಲ್ಮಿತಿ. ಹೊಸದಾಗಿ ಕಲಿಯುವ ವಯಸ್ಕ ಗಂಡಸರಿಗೆ 40ರಿಂದ 50, ಹೆಂಗಸರಿಗೆ 30ರಿಂದ 40, ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ 20ರಿಂದ 30 ಪೌಂಡ್ ಆರಂಭಕ್ಕೆ ಸಾಕು. ಬಹುತೇಕ ಬಿಲ್ಲುಗಳಲ್ಲಿ ಬೋಲ್ಟ್ ತಿರುಗಿಸಿ ಸುಮಾರು 10 ಪೌಂಡ್ ಏರಿಳಿಸಬಹುದು. ಕೆಳಗಿನ ಮಟ್ಟದಲ್ಲಿ ಆರಂಭಿಸಿ, ತೋಳು ಹದಕ್ಕೆ ಬಂದಂತೆ ಏರಿಸಿರಿ.

ಹಂಟಿಂಗ್ ಬಿಲ್ಲೋ, ಟಾರ್ಗೆಟ್ ಬಿಲ್ಲೋ?

ಜಾಹೀರಾತುಗಳಲ್ಲಿ ಮಿಂಚುವುದು ಪಾಶ್ಚಾತ್ಯ ದೇಶಗಳ ಹಂಟಿಂಗ್ ಬಿಲ್ಲು. ಕಾಡಿನಲ್ಲಿ ಹೊತ್ತು ತಿರುಗಲು ಅನುಕೂಲವಾಗಲೆಂದು ಅದನ್ನು ಗಿಡ್ಡವಾಗಿ ಮಾಡಿರುತ್ತಾರೆ. ಅಚ್ಚಿನಿಂದ ಅಚ್ಚಿಗೆ 28ರಿಂದ 33 ಅಂಗುಲ. ಟಾರ್ಗೆಟ್ ಬಿಲ್ಲು 36ರಿಂದ 40 ಅಂಗುಲ ಇರುತ್ತದೆ. ಉದ್ದನೆಯ ಬಿಲ್ಲು ಕೈಯಲ್ಲಿ ಅಲುಗಾಡದೆ ನಿಲ್ಲುತ್ತದೆ. ಗಿಡ್ಡ ಬಿಲ್ಲು ಸಣ್ಣ ತಪ್ಪನ್ನೂ ಹಲಗೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತದೆ.

ವೇಗದ ಅಂಕಿಯನ್ನೂ ಹಾಗೆಯೇ ನಂಬಬಾರದು. ಸೆಕೆಂಡಿಗೆ 330 ಅಡಿ, 340 ಅಡಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಆ ಅಂಕಿ ಸಾಮಾನ್ಯವಾಗಿ 70 ಪೌಂಡ್ ಭಾರ, 30 ಅಂಗುಲ ಎಳೆತ, 350 ಗ್ರೇನ್ ತೂಕದ ಹಗುರ ಬಾಣ ಇಟ್ಟುಕೊಂಡು ಅಳೆದದ್ದು. 27 ಅಂಗುಲ ಎಳೆತದ, 45 ಪೌಂಡಿನ ನಮ್ಮ ಹುಡುಗನಿಗೆ ಅದು ಸಿಗಲಾರದು. ಬಿಲ್ಲಿನ ಹಿಡಿಗೂ ಎಳೆಯದ ಹೆದೆಗೂ ಇರುವ ಅಂತರ 6 ಅಂಗುಲದ ಆಸುಪಾಸಿಗೆ ಇಳಿದರೆ ವೇಗ ಹೆಚ್ಚು, ಆದರೆ ಕೈತಪ್ಪಿಗೆ ಕ್ಷಮೆ ಕಡಿಮೆ. 7 ಅಂಗುಲ ಅಥವಾ ಹೆಚ್ಚಿರುವುದು ಕಲಿಯುವವರಿಗೆ ಒಳ್ಳೆಯದು.

ಬಾಣ ಬಿಟ್ಟು ಪರೀಕ್ಷಿಸುವ ಕ್ರಮ

ಕಾಗದದ ಮೇಲೆ ಎರಡು ಮೂರು ಬಿಲ್ಲು ಸರಿಯೆನಿಸಿದ ಮೇಲೆ ನಿಜವಾದ ಪರೀಕ್ಷೆ. ಚಿತ್ರ ನೋಡಿ ಅಂಚೆಯಲ್ಲಿ ತರಿಸುವುದಕ್ಕಿಂತ, ಬಾಣ ಬಿಡಲು ಅಂಕಣವಿರುವ ಅಂಗಡಿಗೋ ತರಬೇತಿ ಕೇಂದ್ರಕ್ಕೋ ಒಂದು ದಿನದ ಮಟ್ಟಿಗೆ ಹೋಗಿ ಬರುವುದು ಲೇಸು. ಆಮದಾದ ಒಳ್ಳೆಯ ಬಿಲ್ಲಿನ ಬೆಲೆ ಲಕ್ಷ ರೂಪಾಯಿಯನ್ನು ದಾಟುವುದುಂಟು. ಬಸ್ ಚಾರ್ಜು ಉಳಿಸಲು ಹೋಗಿ ಲಕ್ಷ ಕಳೆಯಬಾರದು.

ಮೊದಲನೆಯದಾಗಿ ಒಂದು ಎಚ್ಚರಿಕೆ. ಬಾಣ ಹೂಡದೆ ಹೆದೆ ಎಳೆದು ಎಂದಿಗೂ ಬಿಡಕೂಡದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಪಟ್ಟಿ ಸೀಳಬಹುದು, ಹೆದೆ ಕಿತ್ತು ಮುಖಕ್ಕೆ ಬಡಿಯಬಹುದು. ಬಿಲ್ಲನ್ನು ನೋಡಬಂದ ನೆಂಟರಿಷ್ಟರಿಗೂ ಇದನ್ನು ಮೊದಲೇ ಹೇಳಿರಿ.

ಎಳೆತ: ಬಾಣ ಹೂಡಿ, ಬಿಲ್ಲನ್ನು ಗುರಿಯ ನೇರಕ್ಕೇ ಹಿಡಿದು, ಆಕಾಶಕ್ಕೆ ಎತ್ತದೆ ಎಳೆಯಿರಿ. ಎತ್ತಿಯೇ ಎಳೆಯಬೇಕಾಗಿ ಬಂದರೆ ಭಾರ ಹೆಚ್ಚಾಯಿತೆಂದು ಅರ್ಥ. ಸ್ಟೂಲಿನ ಮೇಲೆ ಕುಳಿತೂ ಎಳೆದು ನೋಡಿ. ಪೂರ್ತಿ ಎಳೆದು ಅರ್ಧ ನಿಮಿಷ ಹಿಡಿದು, ಬಾಣ ಬಿಡದೆ ನಿಧಾನವಾಗಿ ಹೆದೆ ಇಳಿಸಿ. ಇಳಿಸುವಾಗ ಭುಜ ಜಗ್ಗಿದರೆ ಅದೂ ಭಾರ ಹೆಚ್ಚೆನ್ನುವುದರ ಲಕ್ಷಣ. ಸ್ಪರ್ಧೆಯಲ್ಲಿ ಒಂದು ಅರ್ಹತಾ ಸುತ್ತಿಗೇ 72 ಬಾಣ ಬಿಡಬೇಕು. ಹತ್ತನೆಯ ಬಾಣಕ್ಕೇ ತೋಳು ಸೋತರೆ ಆ ಬಿಲ್ಲು ನಿಮ್ಮದಲ್ಲ.

ಹಿಡಿ ಮತ್ತು ಕಂಪನ: ಹಿಡಿ ಅಂಗೈಯಲ್ಲಿ ತಾನಾಗಿ ಕೂರಬೇಕು. ಬಿಗಿಯಾಗಿ ಹಿಡಿದರೆ ಬಿಲ್ಲು ತಿರುಚಿಕೊಳ್ಳುತ್ತದೆ. ಬಾಣ ಬಿಟ್ಟಾಗ ಕೈಗೆ ಬರುವ ಅದುರು, ಕಿವಿಗೆ ಬರುವ ಸದ್ದು ಎರಡನ್ನೂ ಬಿಲ್ಲಿನಿಂದ ಬಿಲ್ಲಿಗೆ ಹೋಲಿಸಿ. ಪೂರ್ತಿ ಎಳೆದಾಗ ಹೆದೆ ಗೋಡೆಗೆ ತಾಗಿದಂತೆ ಗಟ್ಟಿಯಾಗಿ ನಿಲ್ಲುತ್ತದೋ, ಮೆತ್ತಗೆ ಜಾರುತ್ತದೋ ಗಮನಿಸಿ. ಕಲಿಯುವವರಿಗೆ ಗಟ್ಟಿಯಾಗಿ ನಿಲ್ಲುವುದು ಅನುಕೂಲ.

ಬಾಣಗಳ ಗುಂಪು: ಸುಮಾರು 18 ಮೀಟರಿನಿಂದ ಒಂದೊಂದು ಬಿಲ್ಲಿನಲ್ಲಿ ಮೂರು ಮೂರು ಬಾಣ, ಮೂರು ಸರದಿ. ನಡುಬಿಂದುವಿಗೆ ತಾಗಿತೇ ಎಂದು ನೋಡಬೇಡಿ. ಅದು ಸೈಟ್ ಹೊಂದಿಸಿದರೆ ಸರಿಹೋಗುವ ಸಂಗತಿ. ಮೂರು ಬಾಣ ಎಷ್ಟು ಹತ್ತಿರ ಹತ್ತಿರ ನಾಟಿವೆ ಎಂಬುದೇ ಮುಖ್ಯ. ಒಂದು ಸಲ ಮೊದಲ ಬಿಲ್ಲಿನಿಂದ ಕೊನೆಯದಕ್ಕೆ, ಇನ್ನೊಂದು ಸಲ ಕೊನೆಯದರಿಂದ ಮೊದಲಿನದಕ್ಕೆ ಹೋಗಿ. ಇಲ್ಲದಿದ್ದರೆ ತೋಳಿನ ಸುಸ್ತು ಕೊನೆಯ ಬಿಲ್ಲಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಕಾಫಿಯ ರುಚಿ ನೋಡುವವರು ಮಾದರಿಯ ಗುರುತು ತಿಳಿಯದಂತೆ ಬಟ್ಟಲುಗಳನ್ನಿಡುತ್ತಾರಷ್ಟೆ. ಅಂತೆಯೇ ಬೆಲೆಚೀಟಿ ನೋಡದೆ ಪರೀಕ್ಷೆ ಮುಗಿಸಿ, ಜೊತೆಗಿದ್ದವರು ಬರೆದಿಟ್ಟ ಅಳತೆ ನೋಡಿ ಆಮೇಲೆ ಬೆಲೆ ಕೇಳಿ.

ಕಾಗದದ ಪರೀಕ್ಷೆ: ಚೌಕಟ್ಟಿಗೆ ಕಾಗದ ಬಿಗಿದು, ಅದರ ಹಿಂದೆ ಹಲಗೆಯಿಟ್ಟು, ಸುಮಾರು 6 ಅಡಿ ದೂರದಿಂದ ಬಾಣ ಬಿಡುತ್ತಾರೆ. ಮೊನೆಯ ದುಂಡು ತೂತು, ಅದರ ಸುತ್ತ ಗರಿಗಳ ಗೀರು ಮಾತ್ರ ಕಂಡರೆ ಬಾಣ ನೆಟ್ಟಗೆ ಹೋಗುತ್ತಿದೆ. ಗರಿಯ ಗುರುತು ತೂತಿಗಿಂತ ಮೇಲಕ್ಕೆ ಹರಿದಿದ್ದರೆ ಹೆದೆಯಲ್ಲಿ ಬಾಣ ಕೂರುವ ಜಾಗ ಎತ್ತರವಾಗಿದೆ, ಕೆಳಕ್ಕೆ ಹರಿದಿದ್ದರೆ ತಗ್ಗಾಗಿದೆ ಎಂದು ಸಾಮಾನ್ಯ ನಿಯಮ. ಪಕ್ಕಕ್ಕೆ ಹರಿದರೆ ಬಾಣದ ಆಸರೆ, ಕೈಯ ತಿರುಚು, ಬಾಣದ ಬಿಗಿತ ಈ ಮೂರರಲ್ಲಿ ಒಂದರ ದೋಷ. ಪಲ್ಪರಿನ ಸಂದನ್ನು ಆಯಾ ವರ್ಷದ ಹಣ್ಣಿನ ಗಾತ್ರಕ್ಕೆ ಹೊಂದಿಸುವಂತೆ ಇದನ್ನೂ ಹೊಂದಿಸಬೇಕು. ಹೊಂದಿಸಿಕೊಡುವ ಅಂಗಡಿಯವನೇ ಒಳ್ಳೆಯ ಅಂಗಡಿಯವನು. ಹೆದೆ ಬದಲಿಸಲು ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ ಬೇಕಾಗುತ್ತದೆ. ಅದನ್ನು ಮನೆಯಲ್ಲಿ ಸ್ಪ್ಯಾನರ್ ಹಿಡಿದು ಮಾಡಲು ಹೋಗಬಾರದು.

ಬಾಣ ಬಿಲ್ಲಿಗೆ ಒಪ್ಪಬೇಕು

ಬಾಣಕ್ಕೆ ಇಷ್ಟೇ ಬಾಗಬೇಕೆಂಬ ಲೆಕ್ಕವಿದೆ. ಅದನ್ನು ಸ್ಪೈನ್ ಎನ್ನುತ್ತಾರೆ. ಎಳೆತದ ಭಾರ, ಬಾಣದ ಉದ್ದ, ಮೊನೆಯ ತೂಕ ನೋಡಿ ತಯಾರಕರ ಪಟ್ಟಿಯಿಂದ ಆರಿಸಬೇಕು. ತೂಕ ಪೌಂಡಿಗೆ 5 ಗ್ರೇನಿಗಿಂತ ಕಡಿಮೆ ಇರಕೂಡದು. 50 ಪೌಂಡಿನ ಬಿಲ್ಲಿಗೆ 250 ಗ್ರೇನ್ ಎಂಬುದು ಕನಿಷ್ಠ ಮಿತಿ. ಅದಕ್ಕಿಂತ ಹಗುರವಾದರೆ ಬಾಣ ಹೂಡದೆ ಬಿಟ್ಟಷ್ಟೇ ಕೆಡುಕು. ಕಾರ್ಬನ್ ಬಾಣವನ್ನು ಪ್ರತಿ ಸಲವೂ ಮೆಲ್ಲಗೆ ಬಗ್ಗಿಸಿ ಕಿವಿಗೆ ಹಿಡಿದು ನೋಡಿ. ಚಿಟಿಚಿಟಿ ಸದ್ದು ಬಂದರೆ ಮುರಿದು ಬಿಸಾಡಿ. ಬಿರುಕು ಬಿಟ್ಟ ಬಾಣ ಬಿಡುವ ಹೊತ್ತಿಗೆ ಸೀಳಿ ಕೈಗೆ ಹೊಕ್ಕ ಪ್ರಸಂಗಗಳು ಬಿಲ್ಲುಗಾರಿಕೆಯಲ್ಲಿ ಉಂಟು.

ತೋಟದಲ್ಲಿ ಅಭ್ಯಾಸದ ಜಾಗ

ಸೆಕೆಂಡಿಗೆ 300 ಅಡಿ ಎಂದರೆ ಗಂಟೆಗೆ 330 ಕಿಲೋಮೀಟರಿನಷ್ಟು ವೇಗ. ಗುರಿ ತಪ್ಪಿ ಮೇಲಕ್ಕೆ ಹೋದ ಬಾಣ ಕೆಲವು ನೂರು ಮೀಟರ್ ಹಾರಬಲ್ಲುದು. ಗಿಡದ ಮರೆಯಲ್ಲಿ ಕೊಯ್ಲಿನವರು, ಸೌದೆಗೆ ಬಂದವರು, ಶಾಲೆಯಿಂದ ಕಾಲುದಾರಿಯಲ್ಲಿ ಬರುವ ಮಕ್ಕಳು ಇರುವ ಜಾಗ ನಮ್ಮದು. ಆದುದರಿಂದ ಕಾಫಿ ಸಾಲಿನೊಳಗೆ, ಅಡಿಕೆ ತೋಟದ ಮರಗಳ ನಡುವೆ ಅಭ್ಯಾಸ ಸಲ್ಲದು. ಒಣಗಿಸುವ ಕಣದ ಒಂದು ಕೊನೆಯಲ್ಲಿ, ಹಿಂದೆ ಎತ್ತರದ ಧರೆ ಇರುವ ಕಡೆ ಹಲಗೆ ನಿಲ್ಲಿಸಿ. ಧರೆಯಲ್ಲಿ ಕಲ್ಲಿದ್ದರೆ ಬಾಣ ಸಿಡಿದು ಹಿಂದಕ್ಕೆ ಬರುತ್ತದೆ, ಅದನ್ನು ಮುಚ್ಚಿಸಬೇಕು. ಹಳೆಯ ಬಟ್ಟೆ ಗಿಡಿದು ತುಂಬಿದ ಗೋಣಿಚೀಲಗಳೇ ಆರಂಭಕ್ಕೆ ಒಳ್ಳೆಯ ಗುರಿ. ಕಣದಲ್ಲಿ ಕೆಲಸದವರು ಇರುವಾಗ ಬಿಲ್ಲು ಒಳಗಿರಲಿ. ಬಾಣ ತರಲು ಒಬ್ಬ ಮುಂದೆ ಹೋದಾಗ ಉಳಿದವರು ಬಿಲ್ಲನ್ನು ಕೆಳಗಿಡತಕ್ಕದ್ದು. ಆಕಾಶಕ್ಕೆ ಬಾಣ ಬಿಡುವ ಆಟವಂತೂ ಕೂಡದು.

ಮಳೆಗಾಲದ ಜೋಪಾನ

ಜೂನ್ ತಿಂಗಳಿಂದ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹೆದೆಗೆ ಅದಕ್ಕೆಂದೇ ಇರುವ ಮೇಣ ಉಜ್ಜಬೇಕು. ಅಚ್ಚು, ಬೋಲ್ಟುಗಳನ್ನು ಒರೆಸಿ ತುಕ್ಕು ಬಾರದಂತೆ ನೋಡಬೇಕು. ಹೆದೆಯ ಎಳೆ ಬಿಟ್ಟುಕೊಂಡಿದ್ದರೆ ಬದಲಿಸುವ ತನಕ ಬಿಲ್ಲು ಮುಟ್ಟಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಬಿಲ್ಲು ಬಿಟ್ಟರೆ ಪಟ್ಟಿಯ ಪದರ ಬಿಚ್ಚಿಕೊಳ್ಳುವ ಭಯವಿದೆ. ಒಲೆಯ ಮೇಲಿನ ಅಟ್ಟವೂ ಅದಕ್ಕೆ ತಕ್ಕ ಜಾಗವಲ್ಲ. ಒಣಗಿದ ಕೋಣೆಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ.

ಇಷ್ಟು ಖರ್ಚು ಮಾಡಿ ಏನು ಫಲ?

ಈ ಪ್ರಶ್ನೆ ನ್ಯಾಯವಾದದ್ದು. 2023ರಲ್ಲಿ ಚೀನಾದ ಹ್ಯಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದವು. ಆಂಧ್ರದ ಜ್ಯೋತಿ ಸುರೇಖಾ, ಮಹಾರಾಷ್ಟ್ರದ ಓಜಸ್ ದೇವತಳೆ ವೈಯಕ್ತಿಕ ಚಿನ್ನವನ್ನೂ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಿರುವುದಾಗಿ 2025ರಲ್ಲಿ ಪ್ರಕಟವಾಗಿದೆ. ಸ್ಪರ್ಧೆಯ ದೂರ 50 ಮೀಟರ್, ಗುರಿಯ ಹಲಗೆ 80 ಸೆಂಟಿಮೀಟರ್, ಅದರಲ್ಲಿ ಹತ್ತಂಕದ ವೃತ್ತ 8 ಸೆಂಟಿಮೀಟರ್.

ಬಿಲ್ಲು ಮೈಗೆ ಹೊಂದಬೇಕೆಂಬ ಮಾತಿಗೆ ಜಮ್ಮುವಿನ ಕಿಶ್ತ್ವಾರದ ಶೀತಲ್ ದೇವಿಗಿಂತ ದೊಡ್ಡ ಸಾಕ್ಷಿ ಬೇಡ. ಹುಟ್ಟಿನಿಂದ ತೋಳುಗಳಿಲ್ಲದ ಈ ಹುಡುಗಿ ಕುರ್ಚಿಯಲ್ಲಿ ಕುಳಿತು, ಬಿಲ್ಲನ್ನು ಪಾದದಿಂದ ಹಿಡಿದು, ಭುಜಕ್ಕೆ ಕಟ್ಟಿದ ಸಾಧನದಿಂದ ಹೆದೆ ಎಳೆದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದಳು. ಅವಳ ಮೈಗೆ ಬಿಲ್ಲನ್ನು ಹೊಂದಿಸಿದ್ದರಿಂದ ಅದು ಸಾಧ್ಯವಾಯಿತು.

ನಮ್ಮ ಮಕ್ಕಳು ಕಲಿಯಬಾರದೆಂದೇನಿಲ್ಲ. ಕೊಳ್ಳಬೇಕೆಂದಿರುವ ಸದಸ್ಯರು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಮಗುವಿನ ಯಜಮಾನ ಕಣ್ಣು ಯಾವುದು, ಮಾರು ಎಷ್ಟು ಅಂಗುಲ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅನುಭವಿ ತರಬೇತುದಾರರಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲಿಯ ಬಿಲ್ಲಿನಲ್ಲೇ ಕೆಲವು ವಾರ ಅಭ್ಯಾಸ ಮಾಡಿಸಿ. ಆಸಕ್ತಿ ಉಳಿದರೆ ಮೇಲೆ ಹೇಳಿದ ಕ್ರಮದಲ್ಲಿ ಪರೀಕ್ಷಿಸಿ ಕೊಂಡುಕೊಳ್ಳಿ. ಆಸಕ್ತಿ ಹೋದರೆ ಆ ಹಣ ಮುಂದಿನ ವರ್ಷದ ಗೊಬ್ಬರಕ್ಕಾದರೂ ಆದೀತು.